ಹಸೆ ಎಂಬ ಸ್ಟೇಷನ್

ಟೋಕಿಯೋದಿಂದ ಕಾಮಾಕುರಾಕ್ಕೆ ಒಂದು ಗಂಟೆಯ ದಾರಿ. ಯೊಕೊಸುಕಾ ಲೈನಿನ ಗಾಡಿ ಹಿಡಿದರೆ ನಡುವೆ ಎಲ್ಲೂ ಇಳಿದು ಹತ್ತಬೇಕಿಲ್ಲ. ಆದರೆ ಟೋಕಿಯೋ ಸ್ಟೇಷನ್ನಿನಲ್ಲಿ ಆ ಗಾಡಿಯ ಪ್ಲಾಟ್‌ಫಾರ್ಮ್ ನೆಲದಡಿ ಎಷ್ಟು ಆಳದಲ್ಲಿದೆಯೆಂದರೆ, ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಇಳಿಯುತ್ತಾ ಪಾತಾಳಕ್ಕೇ ಹೊರಟಂತೆ ಅನಿಸುತ್ತದೆ. ಆಫೀಸಿನ ಕೆಲಸಕ್ಕೆಂದು ಎರಡು ವಾರ ಹೋದವಳಿಗೆ ಸಿಕ್ಕಿದ್ದು ಒಂದೇ ಒಂದು ಖಾಲಿ ಶನಿವಾರ. ಅದನ್ನು ಹಾಸ್ಟೆಲ್ ದಿನಗಳ ಗೆಳತಿಗೆ ಒಪ್ಪಿಸಿಬಿಟ್ಟಿದ್ದೆ. ಕೊಪ್ಪದ ಹುಡುಗಿ, ಟೋಕಿಯೋಕ್ಕೆ ಬಂದು ಆರು ವರ್ಷ. "ಫೂಜಿ ಬೇಡ, ಡಿಸ್ನಿ ಬೇಡ, ನಾನು ಹೇಳಿದಲ್ಲಿಗೆ ಬಾ" ಅಂದಿದ್ದಳು.

ಮುಂಬೈ ಲೋಕಲ್ಲಿನಲ್ಲಿ ಹದಿನೈದು ವರ್ಷ ಓಡಾಡಿದವರಿಗೆ ಜಪಾನಿನ ರೈಲಿನಲ್ಲಿ ಮೊದಲು ಕಾಣುವುದು ಸಮಯಪಾಲನೆಯಲ್ಲ, ಮೌನ. ಡಬ್ಬ ತುಂಬ ಜನ, ಆದರೂ ಯಾರೂ ಫೋನಿನಲ್ಲಿ ಮಾತನಾಡುವುದಿಲ್ಲ. ನಮ್ಮ ಲೇಡೀಸ್ ಡಬ್ಬದಲ್ಲಿ ತರಕಾರಿ ಬಿಡಿಸುವುದರಿಂದ ಹಿಡಿದು ಭಜನೆಯವರೆಗೆ ಎಲ್ಲವೂ ನಡೆಯುತ್ತದೆ. ಇಲ್ಲಿ ನಾವಿಬ್ಬರು ಕನ್ನಡದಲ್ಲಿ ಪಿಸುಗುಟ್ಟಿದರೂ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಒಂದು ರೀತಿಯಲ್ಲಿ ಅದು ಅನುಕೂಲವೇ ಆಯಿತು. ಎರಡು ವರ್ಷದ ಹಿಂದೆ ಅವಳ ಮಗು ಆರು ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಆಮೇಲೆ ನಾವು ವಿಡಿಯೋ ಕಾಲ್‌ನಲ್ಲಿ ಎಷ್ಟೋ ಸಲ ಮಾತನಾಡಿದ್ದೇವೆ, ಆದರೆ ಅದರ ಬಗ್ಗೆ ಅಲ್ಲ. ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ.

ಒಫುನಾ ಸ್ಟೇಷನ್ ಬಂದಾಗ ಕಿಟಕಿಯಾಚೆ ಗುಡ್ಡದ ಮರಗಳ ಮೇಲೆ ಒಂದು ಬೃಹತ್ ಬಿಳಿ ಮುಖ ಕಾಣಿಸಿತು. ಕಾನ್ನೋನ್ ವಿಗ್ರಹ, ಭುಜದಿಂದ ಮೇಲಷ್ಟೇ ಇದೆ, ಅದೇ ಸುಮಾರು 25 ಮೀಟರ್. 1929ರಲ್ಲಿ ಶುರುವಾದದ್ದು ಮುಗಿದದ್ದು 1960ರಲ್ಲಿ. ಕಾನ್ನೋನ್ ಅಂದರೆ ಅವಲೋಕಿತೇಶ್ವರ. ನಮಗೇನೂ ಹೊಸಬನಲ್ಲ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಲೋಕೇಶ್ವರ ಇವನೇ. ನಮ್ಮಲ್ಲಿ ಗಂಡಾಗಿ ಉಳಿದವನು ಚೀನಾ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ತಾಯಿಯ ಮುಖ ಪಡೆದಿದ್ದಾನೆ.

ಕಾಮಾಕುರಾದಲ್ಲಿ ಇಳಿದು ಎನೋದೆನ್ ಎಂಬ ಪುಟ್ಟ ರೈಲು ಹತ್ತಿದೆವು. 1902ರಲ್ಲಿ ಓಡಲು ಶುರುಮಾಡಿದ ಗಾಡಿ. ಒಟ್ಟು ದಾರಿ 10 ಕಿಲೋಮೀಟರ್, ಸ್ಟೇಷನ್ 15, ಇರುವುದು ಒಂದೇ ಹಳಿ. ಎದುರಿನ ಗಾಡಿ ಬರುವವರೆಗೆ ಕಾದು ಹೊರಡುತ್ತದೆ. ಮನೆಗಳ ಹಿತ್ತಿಲಿಗೆ ತಾಗಿಕೊಂಡೇ ಹೋಗುತ್ತದೆ. ಕಿಟಕಿಯಿಂದ ಕೈ ಹಾಕಿದರೆ ಒಣಹಾಕಿದ ಬಟ್ಟೆ ಸಿಗಬಹುದು. ಮೂರನೆಯ ಸ್ಟೇಷನ್ನಿನ ಹೆಸರು ಹಸೆ.

"ಹಸೆ ಬಂತು, ಏಳು" ಅಂದು ಗೆಳತಿ ನಕ್ಕಳು. ಮಲೆನಾಡಿನವರಿಗೆ ಹಸೆ ಅಂದರೆ ಮದುವೆಮನೆ. ಗೋಡೆಯ ಮೇಲೆ ಬರೆಯುವ ಚಿತ್ತಾರ, ವಧೂವರರನ್ನು ಕೂರಿಸುವ ಜಾಗ, ಹಸೆಗೆ ಕರೆಯುವ ಹಾಡು. ಜಪಾನಿ ಭಾಷೆಯಲ್ಲಿ ಅದನ್ನು ಬರೆಯುವ ಅಕ್ಷರಗಳಿಗೆ ಉದ್ದನೆಯ ಕಣಿವೆ ಎಂಬ ಅರ್ಥವಂತೆ.

ಮೊದಲು ದೊಡ್ಡ ಬುದ್ಧನನ್ನು ನೋಡಿದೆವು. ಕೊತೊಕು-ಇನ್ ದೇವಾಲಯದ ಅಂಗಳದಲ್ಲಿ ಕುಳಿತ ಅಮಿತಾಭ; ಕಂಚು, 11.3 ಮೀಟರ್ ಎತ್ತರ, ತೂಕ ಸುಮಾರು 121 ಟನ್. ಎರಕ ಶುರುವಾದದ್ದು 1252ರಲ್ಲಿ ಎನ್ನುತ್ತಾರೆ. ನಮ್ಮಲ್ಲಿ ಸೋಮನಾಥಪುರದ ಕೇಶವ ದೇವಾಲಯ ಎದ್ದ ಶತಮಾನವೇ ಅದು. ಬಯಲಲ್ಲಿರುವ ದೊಡ್ಡ ಮೂರ್ತಿ ಕಂಡರೆ ಕನ್ನಡದವರಿಗೆ ಗೊಮ್ಮಟ ನೆನಪಾಗದೆ ಇರುತ್ತಾನೆಯೇ? ಆದರೆ ಗೊಮ್ಮಟ ಬಯಲಿಗೆಂದೇ ನಿಂತವನು. ಈ ಬುದ್ಧನಿಗೆ ಒಂದು ಮನೆಯಿತ್ತು. ಬಿರುಗಾಳಿ ಅದನ್ನು ಕೆಡವಿತು, ಮತ್ತೆ ಕಟ್ಟಿದರು, ಮತ್ತೆ ಬಿತ್ತು. ಕೊನೆಗೆ ಕಟ್ಟುವುದನ್ನೇ ಬಿಟ್ಟರು. ಐದು ಶತಮಾನಗಳಿಂದ ಮಳೆಬಿಸಿಲಿಗೆ ಒಡ್ಡಿಕೊಂಡು ಕುಳಿತಿದ್ದಾನೆ. ಪಕ್ಕದ ಗೋಡೆಯಲ್ಲಿ ಹುಲ್ಲಿನಿಂದ ಹೆಣೆದ ಭಾರೀ ಚಪ್ಪಲಿಯ ಜೋಡಿಯೊಂದು ನೇತಾಡುತ್ತಿತ್ತು. ಬುದ್ಧ ಎದ್ದು ಇದನ್ನು ಮೆಟ್ಟಿ ದೇಶವೆಲ್ಲ ಸುತ್ತಲಿ, ಜನರಿಗೆ ಒಳ್ಳೆಯದಾಗಲಿ ಎಂದು ದೂರದ ಊರಿನ ಮಕ್ಕಳು ಹೆಣೆದು ಕೊಟ್ಟದ್ದು. ಗೆಳತಿ ಆ ಚಪ್ಪಲಿಯ ಮುಂದೆ ನಿಂತಷ್ಟು ಹೊತ್ತು ಬುದ್ಧನ ಮುಂದೆ ನಿಲ್ಲಲಿಲ್ಲ.

ಅಲ್ಲಿಂದ ಹಸೆ-ದೆರಾ ನಡೆದೇ ಹೋಗಬಹುದು. 'ದೆರಾ' ಅಂದರೆ ದೇವಾಲಯ. ಗುಡ್ಡದ ಮೇಲಿನ ಮಂದಿರದಲ್ಲಿ ಹನ್ನೊಂದು ಮುಖದ ಕಾನ್ನೋನ್ ಇದೆ. ಮರದಲ್ಲಿ ಕಡೆದು ಚಿನ್ನ ಲೇಪಿಸಿದ, ಒಂಬತ್ತು ಮೀಟರ್ ಮೀರುವ ವಿಗ್ರಹ. ಡಿಸೆಂಬರ್ ಮೊದಲ ವಾರ. ಮೇಪಲ್ ಮರಗಳು ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಆದರೆ ಅವಳು ನನ್ನನ್ನು ಕರೆತಂದದ್ದು ಇದಕ್ಕಲ್ಲ. ಮೆಟ್ಟಿಲ ನಡುವೆ ಒಂದು ಚಿಕ್ಕ ಗುಡಿ, ಅದರ ಸುತ್ತ ಸಾಲು ಸಾಲಾಗಿ ಸಾವಿರಾರು ಪುಟ್ಟ ಕಲ್ಲಿನ ಮೂರ್ತಿಗಳು. ಎಲ್ಲವೂ ಗೇಣುದ್ದ, ಬೋಳುತಲೆ, ಮುಚ್ಚಿದ ಕಣ್ಣು. ಅವು ಜಿಜೋ, ಸಂಸ್ಕೃತದ ಕ್ಷಿತಿಗರ್ಭ ಬೋಧಿಸತ್ವ.

ತಂದೆತಾಯಿಗಿಂತ ಮೊದಲೇ ಹೋದ ಮಕ್ಕಳು ಒಂದು ನದಿಯ ದಂಡೆಯಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ಜಪಾನೀಯರ ನಂಬಿಕೆ. ಅಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಗೋಪುರ ಕಟ್ಟುತ್ತವೆ. ರಾಕ್ಷಸರು ಬಂದು ಬೀಳಿಸುತ್ತಾರೆ. ಆಗ ಜಿಜೋ ಬಂದು ಮಕ್ಕಳನ್ನು ತನ್ನ ನಿಲುವಂಗಿಯ ತೋಳಿನೊಳಗೆ ಅಡಗಿಸಿಕೊಳ್ಳುತ್ತಾನೆ. ಹುಟ್ಟುವ ಮೊದಲೇ ಹೋದ ಮಗುವಿಗೆ ಅವರ ಭಾಷೆಯಲ್ಲಿ ಒಂದು ಪದವಿದೆ: ಮಿಜುಕೋ, ನೀರಿನ ಮಗು. ಒಂದೊಂದು ಮೂರ್ತಿಯೂ ಅಂಥ ಒಂದು ಮಗುವಿನ ಹೆಸರಿನಲ್ಲಿ ಮನೆಯವರು ಇಟ್ಟದ್ದು.

"ಊರಿಗೆ ಹೋದಾಗ ಅಮ್ಮ ಹೇಳ್ತು, ಅದನ್ನೆಲ್ಲ ಲೆಕ್ಕಕ್ಕೆ ಇಡಬಾರದು ಅಂತ" ಎಂದಳು ಗೆಳತಿ. "ಶ್ರಾದ್ಧ ಇಲ್ಲ, ಸೂತಕ ಅನ್ನೋದೂ ಹೆಸರಿಗಷ್ಟೇ. ಡಾಕ್ಟರ್ರೂ ಹಂಗೇ ಹೇಳಿದ್ರು, ಇನ್ನೊಂದಕ್ಕೆ ಪ್ರಯತ್ನಿಸಿ ಅಂತ. ಇಲ್ಲಿ ಬಂದು ನೋಡಿದ್ರೆ, ಇವರು ಒಂದೊಂದನ್ನೂ ಲೆಕ್ಕಕ್ಕೆ ಇಟ್ಟಿದಾರೆ ಮಾರಾಯ್ತಿ."

ಅವಳು ಊದುಬತ್ತಿ ಹಚ್ಚಿದಳು. ಅಲ್ಲಿನ ಬತ್ತಿಗೆ ನಮ್ಮ ಮೈಸೂರಿನದರಂತೆ ಒಳಗೆ ಕಡ್ಡಿಯಿಲ್ಲ, ಬೂದಿಯಾಗಿ ಪೂರ್ತಿ ಮುಗಿದುಹೋಗುತ್ತದೆ. ಮುಗಿಯುವವರೆಗೂ ನಿಂತೆವು. ನಮ್ಮ ಪಕ್ಕದಲ್ಲಿ ಒಬ್ಬ ವಯಸ್ಸಾದ ಗಂಡಸು, ಕೋಟು ಟೈ ಹಾಕಿಕೊಂಡವರು, ಕೈಮುಗಿದು ನಿಂತಿದ್ದರು. ಅವರ ನೀರಿನ ಮಗು ಈಗ ಎಷ್ಟು ವರ್ಷದ್ದಾಗಿರುತ್ತಿತ್ತೋ.

ಊಟಕ್ಕೆ ಅವಳು ಕಟ್ಟಿ ತಂದಿದ್ದ ಪುಳಿಯೋಗರೆ ಇತ್ತು. ಸಮುದ್ರದ ದಂಡೆಯಲ್ಲಿ ಕುಳಿತು ಡಬ್ಬಿ ತೆರೆದರೆ ಅಲ್ಲೊಂದು ಎಚ್ಚರಿಕೆಯ ಬೋರ್ಡು: ಹದ್ದುಗಳು ಕೈಯಲ್ಲಿರುವ ತಿಂಡಿ ಕಸಿಯುತ್ತವೆ. ತಲೆಯ ಮೇಲೆ ಸುತ್ತುತ್ತಿದ್ದದ್ದು ನಮ್ಮ ಊರಿನ ಹದ್ದಿನ ಜಾತಿಯದ್ದೇ. ಬೆನ್ನು ಮೇಲೆ ಮಾಡಿ, ಡಬ್ಬಿಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡು ಉಣ್ಣುವ ನಮ್ಮನ್ನು ನೋಡಿ ಶಾಲೆಯ ಹುಡುಗಿಯರ ಗುಂಪೊಂದು ನಗುತ್ತಾ ಹೋಯಿತು. ಅವಳೂ ನಕ್ಕಳು, ಹಾಸ್ಟೆಲ್ಲಿನಲ್ಲಿ ನಗುತ್ತಿದ್ದ ಹಾಗೆ.

ಮತ್ತೆ ಎನೋದೆನ್. ಈಗ ಗಾಡಿ ಸಮುದ್ರದ ಅಂಚಿಗೇ ಬಂತು. ಮುಂದೆ ಒಂದು ಕಡೆ ಹಳಿ ರಸ್ತೆಯ ನಡುವೆಯೇ ಸಾಗಿ, ಕಾರುಗಳು ಪಕ್ಕಕ್ಕೆ ಸರಿದು ರೈಲಿಗೆ ದಾರಿ ಬಿಡುತ್ತಿದ್ದವು. ಎನೋಶಿಮಾ ದ್ವೀಪಕ್ಕೆ ಸೇತುವೆಯ ಮೇಲೆ ನಡೆದೆವು. ಪಶ್ಚಿಮಕ್ಕೆ, ಕರೆಯದೆಯೇ, ಫೂಜಿ ಬಂದು ನಿಂತಿತ್ತು. ಬೆಟ್ಟ ಹತ್ತಲು 1959ರಿಂದ ಅಲ್ಲಿ ದುಡ್ಡು ಕೊಟ್ಟು ಹತ್ತುವ ಎಸ್ಕಲೇಟರ್ ಇದೆ. ಮೇಲಕ್ಕೆ ಮಾತ್ರ, ಇಳಿಯುವುದು ನಿಮ್ಮ ಕಾಲಿನ ಪಾಡು.

ದ್ವೀಪದ ದೇವತೆ ಬೆಂಜೈತೆನ್. ಕೈಯಲ್ಲಿ ವೀಣೆಯ ಜಾಗದಲ್ಲಿ ಬಿವಾ ಎಂಬ ತಂತಿವಾದ್ಯ, ನಮ್ಮ ಸರಸ್ವತಿಯೇ. ಬೌದ್ಧ ಸೂತ್ರಗಳ ಜೊತೆ ಚೀನಾದ ದಾರಿಯಲ್ಲಿ ಬಂದವಳು. ನದಿಯಾಗಿದ್ದ ಅವಳು ಇಲ್ಲಿಯೂ ನೀರು ಬಿಟ್ಟಿರಲಿಲ್ಲ. ಅವಳ ಗುಡಿಗಳು ದ್ವೀಪಗಳಲ್ಲಿ, ಕೆರೆಗಳಲ್ಲಿ, ಗುಹೆಯ ಒರತೆಗಳಲ್ಲಿ ಇರುತ್ತವೆ. ಗೆಳತಿಯ ಮನೆಯಲ್ಲಿ ಮಕ್ಕಳಿಗೆಲ್ಲ ಅಕ್ಷರಾಭ್ಯಾಸ ತುಂಗೆಯ ದಂಡೆಯ ಶೃಂಗೇರಿ ಶಾರದೆಯ ಎದುರಿಗೇ. ಇದಕ್ಕೂ ಹಾಗೆಯೇ ಅಂದುಕೊಂಡಿದ್ದರು. ಅವಳು ಪ್ರಾರ್ಥನೆ ಏನೂ ಮಾಡಲಿಲ್ಲ. ಹುಂಡಿಗೆ ಐದು ಯೆನ್ನಿನ ತೂತು ನಾಣ್ಯ ಹಾಕಿ, ಅಲ್ಲಿನವರಂತೆ ಎರಡು ಸಲ ಚಪ್ಪಾಳೆ ತಟ್ಟಿ, "ಬಂದಿದ್ದೆ ಅಂತ ಹೇಳಿದೆ ಅಷ್ಟೇ" ಎಂದಳು.

ವಾಪಸು ಬೇರೆ ಲೈನ್. ಕತಾಸೆ-ಎನೋಶಿಮಾ ಸ್ಟೇಷನ್ನನ್ನು ಸಮುದ್ರದಡಿಯ ನಾಗರಾಜನ ಅರಮನೆಯಂತೆ ಕಟ್ಟಿದ್ದಾರೆ. ಅಲ್ಲಿಂದ ಹೊರಟು, ಫುಜಿಸಾವಾದಲ್ಲಿ ಗಾಡಿ ಬದಲಿಸಿ, ಶಿಂಜುಕುವಿನ ಕಡೆಗೆ. ಕತ್ತಲಾಗಿತ್ತು. ಎದುರು ಸೀಟಿನವರೆಲ್ಲ ಕುಳಿತಲ್ಲೇ ನಿದ್ದೆಹೋಗಿದ್ದರು. ಅವಳು ನನ್ನ ಕಡೆ ಬಾಗಿ, ಎಲ್ಲಕ್ಕಿಂತ ಮೆಲ್ಲಗೆ, ಮಗುವಿಗೆ ಇಡಬೇಕೆಂದಿದ್ದ ಹೆಸರು ಹೇಳಿದಳು. ಗಂಡನನ್ನು ಬಿಟ್ಟು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲಂತೆ. ಹೆಣ್ಣುಮಗುವಿನ ಹೆಸರು, ಮೂರೇ ಅಕ್ಷರ. ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನಾನೂ ಒಮ್ಮೆ ಹೇಳಿದೆ. "ಹ್ಞೂಂ" ಅಂದಳು. ಆಮೇಲೆ ಅವಳೂ ಆ ಜಪಾನೀಯರಂತೆ ನನ್ನ ಭುಜಕ್ಕೊರಗಿ ನಿದ್ದೆಹೋದಳು. ಸ್ಟೇಷನ್ನುಗಳ ಹೆಸರು ಓದಲು ಬಾರದ ನಾನು, ಬಾಗಿಲ ಮೇಲಿನ ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಬರುವುದನ್ನೇ ಕಾಯುತ್ತಾ, ಶಿಂಜುಕು ಬರುವವರೆಗೆ ಭುಜ ಅಲುಗಾಡಿಸದೆ ಕುಳಿತಿದ್ದೆ.