ನಿಮಿತ್ತವಾಗುವವರ ಹೊಣೆ

ಬೀಜದಲ್ಲಿ ಮರವಾಗುವ ಶಕ್ತಿಯಿದೆ. ಆದರೆ ಮಣ್ಣು, ನೀರು, ಕಾಲ ಇವು ಒದಗದಿದ್ದರೆ ಅದು ಬೀಜವಾಗಿಯೇ ಉಳಿದು ಹುಳು ಹಿಡಿಯುತ್ತದೆ. ಇದನ್ನೇ ಜೈನ ದಾರ್ಶನಿಕರು ಉಪಾದಾನ ಮತ್ತು ನಿಮಿತ್ತಗಳೆಂಬ ಎರಡು ಕಾರಣಗಳಿಂದ ವಿವರಿಸಿದ್ದಾರೆ. ವಸ್ತುವಿನ ಸ್ವಂತ ಯೋಗ್ಯತೆ ಉಪಾದಾನ. ಹೊರಗಿನಿಂದ ಅದಕ್ಕೆ ಅನುಕೂಲಿಸುವುದು ನಿಮಿತ್ತ. ಪ್ರವಚನಗಳಲ್ಲಿ ಈ ಮಾತು ಮಣ್ಣು, ಕುಂಬಾರ, ಮಡಕೆಗಳ ದೃಷ್ಟಾಂತದೊಡನೆ ಬರುವುದುಂಟು. ಎಳೆಯರನ್ನು ಆರಿಸಿ ಬೆಳೆಸುವ ಹೊಣೆ ಹೊತ್ತವರು ಇದೇ ತತ್ತ್ವವನ್ನು ದೂರದ ಅಮೆರಿಕದ ಒಂದು ಆಟದ ತಂಡದ ವೃತ್ತಾಂತದಲ್ಲಿ ಇನ್ನಷ್ಟು ನಿಷ್ಠುರವಾಗಿ ಕಾಣಬಹುದು.

ಕ್ಯಾಲಿಫೋರ್ನಿಯಾ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಕಿಂಗ್ಸ್. 2013ರಲ್ಲಿ ಅದನ್ನು ಕೊಂಡ ಬಳಗದ ಮುಖ್ಯಸ್ಥ ವಿವೇಕ್ ರಣದಿವೆ ಮುಂಬಯಿಯಲ್ಲಿ ಜನಿಸಿದವರು. 2019ರ ಅಕ್ಟೋಬರಿನಲ್ಲಿ ಎನ್‌ಬಿಎ ತಂಡಗಳು ಭಾರತದಲ್ಲಿ ಮೊದಲ ಬಾರಿಗೆ ಮುಂಬಯಿಯಲ್ಲಿ ಆಡಿದಾಗ ಬಂದಿದ್ದ ಎರಡು ತಂಡಗಳಲ್ಲಿ ಇದೂ ಒಂದು. ಆದರೆ ಈ ತಂಡ ದಾಖಲೆಗೆ ಸೇರಿದುದು ಬೇರೊಂದು ಕಾರಣಕ್ಕೆ. 2006-07ರಿಂದ 2021-22ರವರೆಗೆ ಸತತ 16 ಋತುಗಳಲ್ಲಿ ಅದು ಪ್ಲೇಆಫ್ ಎಂಬ ಅಂತಿಮ ಸುತ್ತುಗಳಿಗೆ ಅರ್ಹವಾಗಲಿಲ್ಲ. ಎನ್‌ಬಿಎ ಚರಿತ್ರೆಯಲ್ಲಿ ಅಷ್ಟು ದೀರ್ಘವಾದ ವನವಾಸವನ್ನು ಬೇರಾವ ತಂಡವೂ ಅನುಭವಿಸಿರಲಿಲ್ಲ.

ವಿಶೇಷವೆಂದರೆ ಅಲ್ಲಿನ ನಿಯಮ ಸೋತವರ ಪಾಲಿಗೆ ದಯೆಯುಳ್ಳದ್ದು. ಪ್ರತಿವರ್ಷ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹೆಚ್ಚು ಸೋತ ತಂಡಕ್ಕೆ ಲಾಟರಿಯ ಮೂಲಕ ಮೊದಲ ಸರದಿಗಳು ದೊರೆಯುವ ಸಂಭವ ಹೆಚ್ಚು. ನಷ್ಟ ಹೊಂದಿದ ವ್ಯಾಪಾರಿಗೆ ಮರುವರ್ಷ ಮಂಡಿಯ ಸರಕನ್ನು ಮೊದಲು ನೋಡಿ ಆರಿಸುವ ಹಕ್ಕು ಕೊಟ್ಟಂತೆ. ಇಂತಹ ಅವಕಾಶ ಮತ್ತೆ ಮತ್ತೆ ಬಂದರೂ ತಂಡ ಏಕೆ ಮೇಲೇಳಲಿಲ್ಲ?

ಮೊದಲು ಆಯ್ಕೆಯ ಲೆಕ್ಕವನ್ನೇ ನೋಡಬಹುದು. 2011ರಲ್ಲಿ ಕಿಂಗ್ಸ್ ತಂಡಕ್ಕೆ 10ನೆಯ ಸರದಿಯಿಂದ ಬಂದವರು ಜಿಮ್ಮರ್ ಫ್ರೆಡೆಟ್. ಮುಂದಿನ ಸರದಿಯಲ್ಲೇ ಕ್ಲೇ ಥಾಂಪ್ಸನ್, 15ನೆಯದರಲ್ಲಿ ಕವಾಯ್ ಲೆನರ್ಡ್ ಬೇರೆಯವರ ಪಾಲಾದರು. 2012ರಲ್ಲಿ 5ನೆಯ ಸರದಿಯಲ್ಲಿ ಥಾಮಸ್ ರಾಬಿನ್ಸನ್ ಅವರನ್ನು ಆರಿಸಿತು. 6ನೆಯವರಾಗಿ ಹೋದವರು ಡೇಮಿಯನ್ ಲಿಲರ್ಡ್. 2018ರಲ್ಲಿ 2ನೆಯ ಸರದಿಯೇ ಕೈಗೆ ಬಂದಾಗ ಮಾರ್ವಿನ್ ಬ್ಯಾಗ್ಲಿ ಅವರನ್ನು ಆರಿಸಿತು. 3ನೆಯವರು ಲೂಕಾ ಡೋನ್ಚಿಚ್. ಹೀಗೆ ಬಿಟ್ಟುಹೋದ ನಾಲ್ವರೂ ಮುಂದೆ ಆ ಆಟದ ಹೆಸರಾಂತ ಆಟಗಾರರಾದರು.

ಆದರೆ ನಡೆದುಹೋದ ಮೇಲೆ ಲೆಕ್ಕ ನೋಡುವವನಿಗೆ ತಪ್ಪು ಸುಲಭವಾಗಿ ಕಾಣುತ್ತದೆ. 20ರ ಆಸುಪಾಸಿನ ತರುಣನ ಮುಂದಿನ 10 ವರ್ಷಗಳನ್ನು ಇಂದೇ ಅರಿಯುವುದು ಛದ್ಮಸ್ಥರಾದ ನಮ್ಮಂಥವರಿಂದ ಆಗದು. ಅದು ಕೇವಲಜ್ಞಾನದ ವಿಷಯ. 2014ರಲ್ಲಿ ಸರ್ಬಿಯದ ನಿಕೊಲಾ ಯೋಕಿಚ್ ಅವರನ್ನು ಮೊದಲ 40 ಸರದಿಗಳಲ್ಲಿ ಯಾವ ತಂಡವೂ ಆರಿಸಲಿಲ್ಲ. 41ನೆಯದರಲ್ಲಿ ಡೆನ್ವರ್ ಆರಿಸಿತು. ಅಂದು ತಪ್ಪದವರಾರು? ಆದುದರಿಂದ ಆಯ್ಕೆಯ ದಿನದ ತಪ್ಪೊಂದನ್ನೇ ಹಿಡಿದು ತೀರ್ಪು ಕೊಡುವುದು ಏಕಾಂತವಾದವಾದೀತು. ಆರಿಸಿದ ಅನಂತರ ಏನಾಯಿತೆಂಬುದನ್ನೂ ಪರಿಶೀಲಿಸಬೇಕು.

ರಾಬಿನ್ಸನ್ ಅವರನ್ನು ಮೊದಲ ಋತು ಮುಗಿಯುವ ಮೊದಲೇ, 2013ರ ಫೆಬ್ರವರಿಯಲ್ಲಿ, ಬೇರೆ ತಂಡಕ್ಕೆ ಕಳುಹಿಸಲಾಯಿತು. 2014ರಲ್ಲಿ 8ನೆಯವರಾಗಿ ಬಂದ ನಿಕ್ ಸ್ಟೌಸ್ಕಸ್ ಅವರಿಗೆ ದೊರೆತುದು ಒಂದೇ ಋತು. 2010ರಲ್ಲಿ 5ನೆಯವರಾಗಿ ಬಂದ ಡಿಮಾರ್ಕಸ್ ಕಸಿನ್ಸ್ ನಿಜಕ್ಕೂ ಅಪಾರ ಶಕ್ತಿಯುಳ್ಳವರು. ಅವರು ಅಲ್ಲಿದ್ದ 7 ವರ್ಷಕ್ಕೂ ಕಡಿಮೆ ಅವಧಿಯಲ್ಲಿ 6 ಮಂದಿ ತರಬೇತುದಾರರ ಕೈಕೆಳಗೆ ಆಡಬೇಕಾಯಿತು. 2006ರಲ್ಲಿ ರಿಕ್ ಅಡೆಲ್ಮನ್ ನಿರ್ಗಮಿಸಿದುದರಿಂದ 2022ರಲ್ಲಿ ಮೈಕ್ ಬ್ರೌನ್ ಬರುವವರೆಗೆ, ತಾತ್ಕಾಲಿಕರೂ ಸೇರಿ, 11 ಮಂದಿ ಆ ಪೀಠದಲ್ಲಿ ಕುಳಿತೆದ್ದರು. ಪ್ರತಿ ವರ್ಷ ಗುರು ಬದಲಾದರೆ ಶಿಷ್ಯನು ಕಲಿಯುವುದಾದರೂ ಯಾರ ಪಾಠವನ್ನು?

ಆ 11 ಮಂದಿಯಲ್ಲಿ ಒಬ್ಬರು ಮೈಕಲ್ ಮಲೋನ್. 2014ರ ಡಿಸೆಂಬರಿನಲ್ಲಿ, ಎರಡನೆಯ ಋತುವಿನ 24 ಪಂದ್ಯಗಳಾದೊಡನೆ, ಅವರನ್ನು ಬಿಡುಗಡೆ ಮಾಡಲಾಯಿತು. ಮರುವರ್ಷ ಅವರು ಡೆನ್ವರ್ ಸೇರಿದರು. ಆರಿಸಿಯೂ ಒಂದು ವರ್ಷ ಸ್ವದೇಶದಲ್ಲೇ ಆಡಲು ಬಿಟ್ಟಿದ್ದ ಯೋಕಿಚ್ ಅವರನ್ನು ಡೆನ್ವರ್ ಕರೆಸಿಕೊಂಡುದೂ ಅದೇ 2015ರಲ್ಲಿ. ಗುರು ಶಿಷ್ಯರಿಬ್ಬರೂ 8 ಋತುಗಳು ಒಟ್ಟಿಗೆ ದುಡಿದು 2023ರಲ್ಲಿ ಡೆನ್ವರಿಗೆ ಮೊದಲ ಎನ್‌ಬಿಎ ಪ್ರಶಸ್ತಿ ತಂದರು. ಒಂದು ಮನೆ ಬೇಡವೆಂದ ಗುರು, 40 ಸರದಿಗಳು ಬೇಡವೆಂದ ಶಿಷ್ಯ!

ಇನ್ನೊಂದು ನಿದರ್ಶನ ಐಸೇಯ ಥಾಮಸ್. 2011ರಲ್ಲಿ 60ನೆಯ, ಅಂದರೆ ಕಟ್ಟಕಡೆಯ ಸರದಿಯಲ್ಲಿ ಕಿಂಗ್ಸ್ ತಂಡವೇ ಆರಿಸಿದ ಗಿಡ್ಡ ಆಳಿನ ಆಟಗಾರ. ಸ್ಯಾಕ್ರಮೆಂಟೊದಲ್ಲೇ ಬೆಳೆದು ಮೂರನೆಯ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 20ಕ್ಕೂ ಹೆಚ್ಚು ಅಂಕ ಗಳಿಸಿದರು. 2014ರ ಬೇಸಗೆಯಲ್ಲಿ ಅವರನ್ನೂ ಬಿಟ್ಟುಕೊಡಲಾಯಿತು. 2016-17ರಲ್ಲಿ ಬಾಸ್ಟನ್ ತಂಡದಲ್ಲಿ ಅವರ ಸರಾಸರಿ 28.9. ತನ್ನ ಹಿತ್ತಲಿನಲ್ಲಿ ತಾನಾಗಿ ಫಲ ಬಿಟ್ಟ ಮರವನ್ನೂ ಒಡೆಯ ಗುರುತಿಸಲಿಲ್ಲ.

ಇಷ್ಟಾದರೂ ಎಲ್ಲ ದೋಷವನ್ನೂ ನಿಮಿತ್ತದ ತಲೆಗೆ ಕಟ್ಟುವುದು ನ್ಯಾಯವಲ್ಲ. ರಾಬಿನ್ಸನ್, ಸ್ಟೌಸ್ಕಸ್ ಮುಂತಾದವರು ಬೇರೆ ತಂಡಗಳಲ್ಲಿಯೂ ಹೇಳಿಕೊಳ್ಳುವಂತಹ ಏಳಿಗೆ ಕಾಣಲಿಲ್ಲ. ಉಪಾದಾನಕ್ಕೆ ತನ್ನದೇ ಮಿತಿಯಿದೆ. ಆದರೆ ಮೊದಲ ಎರಡು ವರ್ಷಗಳಲ್ಲೇ ಬೇರು ಕಿತ್ತ ಗಿಡದ ಮಿತಿ ಎಲ್ಲಿತ್ತೆಂದು ಖಚಿತವಾಗಿ ಹೇಳುವವರಾರು? ಸರಕನ್ನಾದರೆ ಮಂಡಿಗೆ ಹಿಂದಿರುಗಿಸಬಹುದು. ತರುಣನ ಕಳೆದುಹೋದ ಎರಡು ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

2022-23ರಲ್ಲಿ ಬ್ರೌನ್ ಅವರ ಮಾರ್ಗದರ್ಶನದಲ್ಲಿ ತಂಡ 48 ಪಂದ್ಯ ಗೆದ್ದು ವನವಾಸ ಮುಗಿಸಿತು. ಅದರ ಮುಂದಾಳು, 2017ರಲ್ಲಿ ಆರಿಸಿ 6 ಋತುಗಳವರೆಗೆ ಉಳಿಸಿಕೊಂಡಿದ್ದ ಡಿಯಾರನ್ ಫಾಕ್ಸ್. ತಾಳ್ಮೆ ಫಲಿಸಿತೆಂದು ತೋರಿತು. ಆದರೆ 2024ರ ಡಿಸೆಂಬರಿನಲ್ಲಿ ಬ್ರೌನ್ ಅವರನ್ನು ತೆಗೆಯಲಾಯಿತು. 2025ರ ಫೆಬ್ರವರಿಯಲ್ಲಿ ಫಾಕ್ಸ್ ಬೇರೆ ತಂಡ ಸೇರಿದರು. ಹಳೆಯ ಸಂಸ್ಕಾರ ಎಷ್ಟು ಬಲವಾದುದೆಂಬುದಕ್ಕೆ ಇದೊಂದು ಸಾಕ್ಷಿ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಧರ್ಮಮಾರ್ಗದಿಂದ ಜಾರುವವನನ್ನು ಕೈಹಿಡಿದು ಮತ್ತೆ ನೆಲೆಗೊಳಿಸುವುದು ಅದರ ಅರ್ಥ. ಲೌಕಿಕ ವ್ಯವಹಾರಕ್ಕೆ ಅದನ್ನು ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಅದರ ಹಿಂದಿರುವ ವಾತ್ಸಲ್ಯ ಎಲ್ಲೆಡೆಯೂ ಸಲ್ಲುವಂಥದು. ಟ್ರಸ್ಟುಗಳು ವಿದ್ಯಾರ್ಥಿವೇತನಕ್ಕೆ ಹುಡುಗರನ್ನು ಆರಿಸುತ್ತವೆ. ಸನ್ಮಾನ ನಡೆಯುತ್ತದೆ, ಭಾವಚಿತ್ರ ತೆಗೆಸಲಾಗುತ್ತದೆ. ಮರುವರ್ಷ ಅಂಕ ಕಡಿಮೆಯಾದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು ಸುಲಭ. ಅಂಗಡಿಗೆ ಸೇರಿಸಿಕೊಂಡ ಹುಡುಗ ಮೊದಲ ದೀಪಾವಳಿಯ ಲೆಕ್ಕದಲ್ಲಿ ತಪ್ಪಿದರೆ ಊರಿಗೆ ಕಳುಹಿಸುವುದೂ ಸುಲಭ. ಏಕೆ ತಪ್ಪಿದನೆಂದು ಕೇಳಲು ಅವನ ಪಕ್ಕದಲ್ಲಿ ಕುಳಿತುಕೊಳ್ಳಬೇಕು. ಅದಕ್ಕೆ ಹಣವಲ್ಲ, ಸಮಯ ಬೇಕು.

ಆಯ್ಕೆ ಒಂದು ದಿನದ ಕಾರ್ಯ, ಪೋಷಣೆ ವರ್ಷಗಳ ವ್ರತ. ಮೊದಲನೆಯದರಲ್ಲಿ ತಪ್ಪುವುದು ಛದ್ಮಸ್ಥರ ಸಹಜ ಮಿತಿ. ಎರಡನೆಯದರಲ್ಲಿ ತಪ್ಪುವುದು ಪ್ರಮಾದ. ಈ ಎರಡರ ಅಂತರವನ್ನರಿತು ನಡೆಯುವ ವಿವೇಕ ಸಮಾಜದ ಹಿರಿಯರೆಲ್ಲರಿಗೂ ಉಂಟಾಗಲಿ.