ಕಲಾಮಂದಿರ ಯಾರ್ರೀ ಇಳಿಯೋರು?

ಹುಣಸೂರಿನಿಂದ ಮೈಸೂರಿಗೆ ಬಸ್ಸಿನಲ್ಲಿ ಓಡಾಡಿದವರಿಗೆ ಈ ಕೂಗು ಗೊತ್ತಿರುತ್ತದೆ. ಬಿಳಿಕೆರೆ, ಇಲವಾಲ ದಾಟಿ ಬಸ್ಸು ಊರೊಳಕ್ಕೆ ಬಂದಾಗ ಕಂಡಕ್ಟರ್ ಒಂದೇ ಒಂದು ಸಲ, 'ಕಲಾಮಂದಿರ ಯಾರ್ರೀ ಇಳಿಯೋರು?' ಅನ್ನುತ್ತಾನೆ. ಯಾರೂ ಏಳದಿದ್ದರೆ ಬಸ್ಸು ನಿಲ್ಲುವುದಿಲ್ಲ. ಆಮೇಲೆ ಮೆಟ್ರೋಪೋಲ್ ಸರ್ಕಲ್ಲಿನಲ್ಲಿ ಇಳಿದು ಹಿಂದಕ್ಕೆ ನಡೆಯಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕೂಗು ಕೇಳಿಯೂ ಏಳದೆ ಕೂತಿದ್ದವನು ನಾನು.

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದವನು ಕೆ.ಆರ್. ನಗರ, ಎಚ್.ಡಿ. ಕೋಟೆ, ಪಿರಿಯಾಪಟ್ಟಣ ಎಂದು ಸುತ್ತಿ ಕೊನೆಗೆ ಹುಣಸೂರಿನಲ್ಲಿ ನೆಲೆಯಾದೆ. ಕೋಟೆಯಲ್ಲಿದ್ದಷ್ಟು ದಿನ ಬಿಟ್ಟರೆ (ಅಲ್ಲಿಯ ಬಸ್ಸಿನ ದಾರಿ ಬೇರೆ) ಮೈಸೂರಿಗೆ ಹೋದಾಗಲೆಲ್ಲ ಇದೇ ರಸ್ತೆ. 1989ರಲ್ಲಿ ಅದೇ ಕಲಾಮಂದಿರದ ಆವರಣದಲ್ಲಿ ರಂಗಾಯಣ ಶುರುವಾಯಿತು, ಬಿ.ವಿ. ಕಾರಂತರು ಅದರ ಮೊದಲ ನಿರ್ದೇಶಕರು ಎಂದೆಲ್ಲ ಪತ್ರಿಕೆಯಲ್ಲಿ ಓದಿದ್ದೆ. ಓದಿ ಮಡಚಿಟ್ಟು ಲೆಡ್ಜರ್ ತೆಗೆದಿದ್ದೆ.

ಹಾಗೆಂದು ನಾನೇನು ರಸವಿಲ್ಲದ ಮನುಷ್ಯ ಅಂದುಕೊಳ್ಳಬೇಡಿ. ಹುಡುಗನಾಗಿದ್ದಾಗ ಟೆಂಟ್ ಸಿನಿಮಾಕ್ಕೆ ಪ್ರಾಣ ಬಿಡುತ್ತಿದ್ದೆ. ಸುಗ್ಗಿ ಮುಗಿದ ಮೇಲೆ ಊರಾಚೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನವರು ಡೇರೆ ಹಾಕುತ್ತಿದ್ದರು. ಸಂಜೆ ಘಂಟಸಾಲರ ವೆಂಕಟೇಶ್ವರನ ಹಾಡು ಕೇಳಿಸಿತೆಂದರೆ ಆಟ ಶುರುವಾಗುತ್ತದೆಂದು ಅರ್ಥ. ತಟ್ಟೆಯ ಮುಂದೆ ಕೂತಿದ್ದವನು ಅರ್ಧ ಮುದ್ದೆ ಬಿಟ್ಟು ಓಡುತ್ತಿದ್ದೆ. ನೆಲದ ಟಿಕೆಟ್ಟು. ಮುಂದೆ ಕೂತವರ ತಲೆ ಅಡ್ಡ ಬಂದರೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುವುದು. ಇದ್ದದ್ದು ಒಂದೇ ಪ್ರೊಜೆಕ್ಟರು, ರೀಲು ಬದಲಾಯಿಸುವಾಗಲೆಲ್ಲ ಇಂಟರ್‌ವಲ್ಲು. ಕಡಲೆಕಾಯಿ ಮಾರುವವನಿಗೆ ಸುಗ್ಗಿ. ಆ ಬಿಡುವಿನಲ್ಲಿ ಎಲ್ಲರೂ ಮುಂದೇನಾಗುತ್ತದೆ ಎಂದು ವಾದ ಮಾಡುತ್ತಿದ್ದರು. 1965ರಲ್ಲಿ ಬಂದ 'ಸತ್ಯ ಹರಿಶ್ಚಂದ್ರ' ನಮ್ಮ ಡೇರೆಗೆ ಬಂದಾಗ, ಸ್ಮಶಾನದ ದೃಶ್ಯಕ್ಕೆ ಮುಂಚೆ ರೀಲು ನಿಂತು, 'ಈಗಲಾದರೂ ಒಂದು ಸುಳ್ಳು ಹೇಳಬಾರದಾ ಈ ರಾಜ' ಎಂದು ನನ್ನ ಪಕ್ಕದ ಅಜ್ಜಿ ಕಣ್ಣೊರೆಸಿಕೊಂಡದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಂಥ ಹುಡುಗ ಅಪ್ಪನಾದಾಗ ಏನು ಮಾಡಿದ ನೋಡಿ.

1993ರಲ್ಲಿ ನಾಗಾಭರಣರ 'ಚಿನ್ನಾರಿ ಮುತ್ತ' ಬಂತು. ಹತ್ತು ವರ್ಷದ ಮಗನನ್ನು ಕರೆದುಕೊಂಡು ಹೋದೆ. ಊರು ಬಿಟ್ಟು ಓಡಿ ಪಟ್ಟಣ ಸೇರುವ ಹುಡುಗ, ಕೊನೆಗೆ ಓಟಗಾರನಾಗುತ್ತಾನೆ. ವಿಜಯ ರಾಘವೇಂದ್ರ ಆಗ ಪುಟ್ಟ ಬಾಲಕ. ಎಚ್.ಎಸ್. ವೆಂಕಟೇಶಮೂರ್ತಿಯವರ ಹಾಡು, ಸಿ. ಅಶ್ವತ್ಥರ ಸಂಗೀತ. ಮನೆಗೆ ಬಂದ ಮೇಲೆ ನನ್ನ ಮಗ ಒಂದು ವಾರ ನಡೆಯಲೇ ಇಲ್ಲ, ಹಾಲು ತರುವುದಕ್ಕೂ ಓಟ, ಪೇಪರ್ ತರುವುದಕ್ಕೂ ಓಟ. ಮುಂದಿನ ಬೇಸಿಗೆಯಲ್ಲಿ ಎಲ್ಲಿಂದಲೋ ಮೈಸೂರಿನ ಒಂದು ನಾಟಕ ಶಿಬಿರದ ಅರ್ಜಿ ಫಾರಂ ತಂದು, 'ಅಪ್ಪಾ, ಸೈನ್ ಹಾಕಿಕೊಡಿ' ಅಂದ.

ನಾನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತೇನೋ. 'ನೋಡೋಣ' ಅಂದೆ. ಬ್ಯಾಂಕಿನಲ್ಲಿ ಸಾಲ ಕೊಡದವರಿಗೆ ನಾವು ಹೇಳುವ ಮಾತು ಅದು. ಮಗ್ಗಿ ಹದಿನಾರರ ಮೇಲೆ ತೊದಲುತ್ತಾನೆ, ದಿನಾ ಬಸ್ಸಿನಲ್ಲಿ ಕಳಿಸುವುದು ಹೇಗೆ, ಇದೆಲ್ಲ ನೆಪ. ನಿಜವಾದ ಭಯ ಬೇರೆಯದೇ. ಕಾರಂತರೂ ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು ಎಂದು ಓದಿದ್ದೆ. ಸಿನಿಮಾದ ಹುಡುಗನೂ ಮನೆ ಬಿಟ್ಟವನೇ. ಬಣ್ಣದ ಹುಚ್ಚು ಹಿಡಿದರೆ ಇವನೂ ಕೈಬಿಟ್ಟು ಹೋಗುತ್ತಾನೆ ಎಂದು ಒಳಗೊಳಗೇ ಹೆದರಿದ್ದೆ. ಆ ಮನೆ ಬಿಟ್ಟ ಕಾರಂತರೇ ಮುಂದೆ 'ಚೋಮನ ದುಡಿ' ನಿರ್ದೇಶಿಸಿ 1975ರ ಸ್ವರ್ಣಕಮಲ ತಂದರೆಂಬುದು ನನಗೆ ಗೊತ್ತಿತ್ತು, ಆದರೆ ಹೆದರಿದವನಿಗೆ ಲೆಕ್ಕದ ಒಂದು ಕಡೆ ಮಾತ್ರ ಕಾಣುತ್ತದೆ. ಫಾರಂ ಮೇಜಿನ ಮೇಲೇ ಇತ್ತು. ಕೊನೆಯ ದಿನಾಂಕ ದಾಟಿತು. ಅವನು ಮತ್ತೆ ಕೇಳಲಿಲ್ಲ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಸುಖವಾಗಿದ್ದಾನೆ.

ನಿವೃತ್ತನಾದ ವರ್ಷ, ಮೈಸೂರಿಗೆ ಕಣ್ಣು ತೋರಿಸಲು ಹೋಗುತ್ತಿದ್ದಾಗ ಕಂಡಕ್ಟರ್ ಕೂಗಿದ. ಅದೇನನ್ನಿಸಿತೋ, ಎದ್ದುಬಿಟ್ಟೆ. ಒಳಗೆ ಬಹುರೂಪಿ ನಾಟಕೋತ್ಸವ ನಡೆಯುತ್ತಿತ್ತು. ಭೂಮಿಗೀತದಲ್ಲಿ ಒಂದು ನಾಟಕ, ಮರಗಳ ನಡುವಿನ ವನರಂಗದಲ್ಲಿ ಇನ್ನೊಂದು, ಶ್ರೀರಂಗದಲ್ಲಿ ಸಿನಿಮಾ, ಹೊರಗೆ ಪುಸ್ತಕದಂಗಡಿ, ಊಟದಂಗಡಿ. ಸಿನಿಮಾ ಮುಗಿದ ಮೇಲೆ ಜನ ಎದ್ದು ಹೋಗುವುದಿಲ್ಲ, ಗುಂಪು ಗುಂಪಾಗಿ ನಿಂತು ಚಹಾ ಕುಡಿಯುತ್ತ ಜಗಳ ಕಾಯುತ್ತಾರೆ. ನನಗೆ ಆ ಡೇರೆಯ ಇಂಟರ್‌ವಲ್ಲೇ ಮತ್ತೆ ಸಿಕ್ಕಂತಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು ಮರುದಿನ.

ಆಮೇಲೆ ಪ್ರತಿ ವರ್ಷ ಹೋಗತೊಡಗಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಕತೆ ಕೇಳಿದ್ದೂ ಅಲ್ಲಿಯ ಚಹಾದಂಗಡಿಯ ಮುಂದೆಯೇ. 1949ರಷ್ಟು ಹಿಂದೆ ಆ ಹಳ್ಳಿಯಲ್ಲಿ ನೀನಾಸಂ ಹುಟ್ಟಿತು. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನರಿಗೆ 'ಪಥೇರ್ ಪಾಂಚಾಲಿ', 'ಬೈಸಿಕಲ್ ಥೀವ್ಸ್' ತೋರಿಸಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತದೆಯೇ ಎಂದವರಿಗೆ ಹಳ್ಳಿಯವರೇ ಉತ್ತರ ಕೊಟ್ಟರು. ಅಲ್ಲಿ ಆದದ್ದು ಹುಣಸೂರಿನಲ್ಲಿ ಯಾಕಾಗಬಾರದು ಎಂಬ ಹುಳ ತಲೆಗೆ ಹೊಕ್ಕಿತು. ನಮ್ಮ ನಾಲ್ಕೂ ತಾಲ್ಲೂಕಿನ ಮಕ್ಕಳು ಒಂದು ಒಳ್ಳೆಯ ಚಿತ್ರ ನೋಡಬೇಕಾದರೆ ಐವತ್ತು ಅರವತ್ತು ಕಿಲೋಮೀಟರ್ ಬರಬೇಕು, ಬಂದರೂ ಕೊನೆಯ ಬಸ್ಸಿನ ಚಿಂತೆಯಲ್ಲಿ ಕ್ಲೈಮ್ಯಾಕ್ಸ್ ಬಿಟ್ಟು ಏಳಬೇಕು. ಕೋಟೆಯ ಕಡೆ ಹಾಡಿಯ ಮಕ್ಕಳಿಗಂತೂ ಕೇಳುವುದೇ ಬೇಡ. ಆದರೆ ಹುಳ ಹೊಕ್ಕಷ್ಟಕ್ಕೇ ಕೆಲಸವಾಗುತ್ತದೆಯೇ? ಹತ್ತು ವರ್ಷ ಅದು ತಲೆಯಲ್ಲೇ ಇತ್ತು.

ಹೋದ ಬೇಸಿಗೆಯಲ್ಲಿ ಮೊಮ್ಮಗಳು ರಜೆಗೆ ಬಂದಳು. ಹತ್ತು ವರ್ಷ. ರಂಗಾಯಣದ ಚಿನ್ನರ ಮೇಳಕ್ಕೆ ಸೇರಿಸೋಣವೇ ಎಂದು ಫೋನಿನಲ್ಲಿ ಮಗನನ್ನು ಕೇಳಿದೆ. ಒಂದು ಕ್ಷಣ ಸುಮ್ಮನಿದ್ದು, 'ಸೇರಿಸಿ ಅಪ್ಪ' ಅಂದ. ಅರ್ಜಿ ತರಲು ಮೊದಲ ಬಸ್ಸಿಗೆ ಹೋದರೂ ನನ್ನ ಮುಂದೆ ಉದ್ದದ ಕ್ಯೂ. ನನಗದು ಹಿತವೇ ಆಯಿತು. ಒಂದು ಫಾರಂಗಾಗಿ ನಾನು ಅಷ್ಟಾದರೂ ಬಿಸಿಲಿನಲ್ಲಿ ನಿಲ್ಲಬೇಕಿತ್ತು.

ದಿನಾ ಬೆಳಿಗ್ಗೆ ನಾವಿಬ್ಬರೂ ಬಸ್ಸು ಹತ್ತುವುದು. ಅವಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ನನಗೆ ಹಿರಿಯ ನಾಗರಿಕರ ರಿಯಾಯಿತಿ. 'ನಿಮಗಿಂತ ನಾನೇ ದೊಡ್ಡೋಳು ತಾತ' ಎಂದು ಅವಳ ಜಂಬ. ಕಂಡಕ್ಟರ್ ಕೂಗುವ ಮೊದಲೇ ಎದ್ದು ನಿಲ್ಲುತ್ತಿದ್ದಳು. ಅವಳು ಒಳಗೆ ಹೋದರೆ ನಾನು ಮರದ ಕೆಳಗೆ ಬುತ್ತಿ ಕಾಯುವುದು. ಒಳಗಿನಿಂದ ನೂರಾರು ಮಕ್ಕಳ ಹಾಡು, ತಮಟೆ, ಕಿರುಚಾಟ. ಮಣ್ಣು ಮೆತ್ತಿದ ಕೈಯಲ್ಲೇ ಊಟಕ್ಕೆ ಬರುತ್ತಿದ್ದಳು.

ಕೊನೆಗೆ ಮಕ್ಕಳದೇ ನಾಟಕ. ಇವಳಿಗೆ ಬಂದ ಪಾತ್ರ ಮರ. ನನಗೆ ಪೆಚ್ಚೆನಿಸಿತು. 'ಒಂದೂ ಮಾತಿಲ್ಲವೇನೇ ಪುಟ್ಟಿ?' ಎಂದು ಕೇಳಿಯೇಬಿಟ್ಟೆ. ಅವಳು ನನ್ನನ್ನು ಕನಿಕರದಿಂದ ನೋಡಿ, 'ತಾತ, ನಾನು ಅಲ್ಲಾಡದಿದ್ರೆ ಗಾಳಿ ಬಂತು ಅಂತ ಯಾರಿಗೆ ಗೊತ್ತಾಗತ್ತೆ?' ಅಂದಳು. ಬಾಯಿ ಮುಚ್ಚಿಕೊಂಡೆ. ನಾಟಕದ ದಿನ ಮಗ ಬೆಂಗಳೂರಿನಿಂದ ಬಂದ. ಎಲ್ಲ ಅಪ್ಪಂದಿರೂ ಮೊಬೈಲು ಎತ್ತಿ ಹಿಡಿದಿದ್ದರೆ ಇವನು ಹಿಂದುಗಡೆ ಕೈಕಟ್ಟಿ ನಿಂತು ನೋಡಿದ. ಗಾಳಿ ಬಂದಾಗ ಮರ ಚೆನ್ನಾಗಿಯೇ ಅಲ್ಲಾಡಿತು.

ಆ ಭಾನುವಾರ ಅವನು ಊರಿನಲ್ಲೇ ಉಳಿದ. ನನ್ನ ತಲೆಯ ಹುಳದ ವಿಷಯ ಮೊಮ್ಮಗಳು ಅವನ ಕಿವಿಗೆ ಹಾಕಿದ್ದಳು. 'ಇವತ್ತೇ ಮಾಡೋಣ ಬಿಡಿ' ಅಂದ. ಬೀದಿಯ ಕೊನೆಯ ಸಮುದಾಯ ಭವನದ ಬೀಗದ ಕೈ ಕೇಳಿ ತಂದೆ. ಸ್ನೇಹಿತರಾದ ನಿವೃತ್ತ ಮೇಷ್ಟರು ಎಲ್ಲಿಂದಲೋ ಪ್ರೊಜೆಕ್ಟರ್ ಹೊಂದಿಸಿದರು. ಮನೆಯವಳು ಟ್ರಂಕಿನಿಂದ ಬಿಳಿಯ ಡಬಲ್ ಬೆಡ್‌ಶೀಟು ತೆಗೆದುಕೊಟ್ಟು, 'ಮೊಳೆ ಹೊಡೆದರೆ ನೋಡಿ' ಎಂದು ಎಚ್ಚರಿಸಿದಳು. ಸಂಜೆ ಆರಕ್ಕೆ ನಲವತ್ತು ಮಕ್ಕಳು, ಹತ್ತು ಹನ್ನೆರಡು ತಾಯಂದಿರು.

ತೋರಿಸಿದ್ದು ಮಜೀದ್ ಮಜೀದಿಯವರ ಇರಾನೀ ಚಿತ್ರ 'ಚಿಲ್ಡ್ರನ್ ಆಫ್ ಹೆವೆನ್', 1997ರದು. ಟೆಹರಾನಿನ ಬಡ ಹುಡುಗ ಅಲಿ, ರಿಪೇರಿಗೆ ಕೊಟ್ಟಿದ್ದ ತಂಗಿಯ ಶೂ ಕಳೆದುಬಿಡುತ್ತಾನೆ. ಅಪ್ಪನಿಗೆ ಹೇಳುವಂತಿಲ್ಲ, ದುಡ್ಡಿಲ್ಲ. ಇರುವ ಒಂದೇ ಜೊತೆಯನ್ನು ಅಣ್ಣ ತಂಗಿ ಹಂಚಿಕೊಳ್ಳುತ್ತಾರೆ. ಬೆಳಿಗ್ಗೆ ಅವಳ ಶಾಲೆ, ಅವಳು ಓಡಿ ಬಂದು ಬಿಚ್ಚಿಕೊಟ್ಟರೆ ಮಧ್ಯಾಹ್ನ ಅವನ ಶಾಲೆ. ಭಾಷೆ ಪಾರ್ಸಿ, ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳತೊಡಗಿದೆ. ಐದು ನಿಮಿಷವಾಗಿರಲಿಲ್ಲ, ಮುಂದಿನ ಸಾಲಿನ ಹುಡುಗನೊಬ್ಬ, 'ಅಜ್ಜಾ, ಸುಮ್ನಿರಿ, ಗೊತ್ತಾಯ್ತದೆ' ಅಂದ. ಹೆಗ್ಗೋಡಿನ ನೆನಪಾಗಿ ಕೂತೆ.

ಕೊನೆಗೊಂದು ಓಟದ ಪಂದ್ಯ ಬರುತ್ತದೆ. ಮೂರನೆಯವನಿಗೆ ಬಹುಮಾನ ಒಂದು ಜೊತೆ ಶೂ. ಅಲಿಗೆ ಬೇಕಾದದ್ದು ಅದೇ, ಮೂರನೆಯ ಸ್ಥಾನ. ಓಟ ಶುರುವಾಗಿ ಹುಡುಗರೆಲ್ಲ ಉಸಿರು ಬಿಗಿಹಿಡಿದಿದ್ದಾಗ ಕರೆಂಟು ಹೋಯಿತು.

ಏನು ಗದ್ದಲ! 'ಲ್ಯಾಪ್‌ಟಾಪಲ್ಲೇ ಹಾಕಿ ಅಂಕಲ್' ಎಂದು ಒಂದಷ್ಟು ಜನ ಮುತ್ತಿಕೊಂಡರು. ಮಗ ಹಾಕಲೂ ಹೊರಟಿದ್ದ. ಮೊಮ್ಮಗಳು ಅದನ್ನು ಮುಚ್ಚಿ, 'ಬೇಡ, ಮುಂದೆ ಏನಾಗತ್ತೆ ಎಲ್ಲರೂ ಹೇಳಿ' ಎಂದು ಕುರ್ಚಿ ಹತ್ತಿದಳು. ಮೇಳದಲ್ಲಿ ಕಲಿತ ಬುದ್ಧಿ. ಮೊಬೈಲಿನ ಬೆಳಕಿನಲ್ಲಿ ಶುರುವಾಯಿತು ನೋಡಿ. ಒಬ್ಬ ಬೇಕೆಂದೇ ಬೀಳಿಸುತ್ತಾನೆ ಅಂದ. ಒಬ್ಬಳು ಮೇಷ್ಟರೇ ಶೂ ಕೊಡಿಸುತ್ತಾರೆ ಅಂದಳು. 'ಮೂರನೆಯವನಾಗೋದು ಮೊದಲನೆಯವನಾಗೋದಕ್ಕಿಂತ ಕಷ್ಟ, ಹಿಂದೆ ಎಷ್ಟು ಜನ ಅವ್ರೆ ಅಂತ ಎಣಿಸ್ತಾ ಓಡ್ಬೇಕು' ಅಂದವನು ಅದೇ ನನ್ನನ್ನು ಸುಮ್ಮನಿರಿಸಿದ ಹುಡುಗ. ನಾಲ್ಕು ಜನ ಎದ್ದು ಓಡಿ ತೋರಿಸಿದರು. ಮಗ ಗೋಡೆಗೊರಗಿ ನಗುತ್ತಿದ್ದ. ಆಮೇಲೆ ಅವನೂ ಶೂ ಬಿಚ್ಚಿ ನಿಂತ ಜಾಗದಲ್ಲೇ ಓಡಿದ, ನಿಧಾನವಾಗಿ, ಸಿನಿಮಾದಲ್ಲಿ ಸ್ಲೋ ಮೋಷನ್ ಮಾಡುತ್ತಾರಲ್ಲ ಹಾಗೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ನನಗೆ ಹಾಲು ತರಲು ಓಡುತ್ತಿದ್ದ ಹತ್ತು ವರ್ಷದವನೇ ಕಂಡ. ಕತ್ತಲೆಯಲ್ಲಿ ಕನ್ನಡಕ ಒರೆಸಿಕೊಂಡೆ.

ನಲವತ್ತು ನಿಮಿಷಕ್ಕೆ ಕರೆಂಟು ಬಂತು. ಅಲಿ ಓಡಿದ, ಬಿದ್ದ, ಎದ್ದ, ಕೊನೆಗೆ ದಾರ ಮುಟ್ಟಿದ. ಮೊದಲನೆಯವನಾಗಿ ಮುಟ್ಟಿಬಿಟ್ಟ. ಪರದೆಯ ಮೇಲೆ ಜನ ಅವನನ್ನು ಎತ್ತಿ ಕುಣಿಯುತ್ತಿದ್ದಾರೆ, ನಮ್ಮ ಭವನದಲ್ಲಿ ಮಾತ್ರ ನಲವತ್ತು ಮಕ್ಕಳೂ ಒಟ್ಟಿಗೆ, 'ಅಯ್ಯೋ!' ಅಂದವು. ಇಂಥ ಸೂತಕದ ಮೊದಲ ಬಹುಮಾನವನ್ನು ನಾನೆಂದೂ ಕಂಡಿರಲಿಲ್ಲ.

ಎಲ್ಲ ಹೋದ ಮೇಲೆ ನಾನೂ ಮಗನೂ ಬೆಡ್‌ಶೀಟಿನ ಒಂದೊಂದು ತುದಿ ಹಿಡಿದು ಮಡಚುತ್ತಿದ್ದೆವು. ಮೊಳೆ ಹೊಡೆದ ತೂತು ನಾಲ್ಕು ಕಂಡವು. ನನ್ನ ಕಡೆ ನೋಡದೆ ಅವನು ಕೇಳಿದ:

'ಆ ಫಾರಂ ಏನಾಯ್ತಪ್ಪ?'

ಯಾವ ಫಾರಂ ಎಂದು ನಾನು ಕೇಳಲಿಲ್ಲ. 'ಹಿಂಬದಿ ಖಾಲಿಯಿತ್ತು ಕಣೋ. ಆ ತಿಂಗಳ ಹಾಲಿನ ಲೆಕ್ಕ ಬರೆದೆ' ಅಂದೆ.

ಅವನು ತನ್ನ ತುದಿಯನ್ನು ನನ್ನ ಕೈಗೆ ತಂದು ಕೊಟ್ಟ. 'ಎಷ್ಟಾಗಿತ್ತು?' ಅಂದ.

ಬ್ಯಾಂಕಿನವನಲ್ಲವೇ, ಅದು ನೆನಪಿತ್ತು. ಹೇಳಿದೆ. ಇಬ್ಬರೂ ನಕ್ಕೆವು. ಮೊಮ್ಮಗಳು ಹೊರಗಿನಿಂದ, 'ಬನ್ರೀ, ಅಜ್ಜಿ ಬೆಡ್‌ಶೀಟ್ ಕೇಳ್ತಾ ಇದ್ದಾರೆ' ಎಂದು ಕೂಗಿದಳು.