ಬಂದರಿನಿಂದ ವೆನ್ಲಾಕ್ ಆಸ್ಪತ್ರೆಯವರೆಗೆ

ಗುರುಪುರ ನದಿಯು ನೇತ್ರಾವತಿಯೊಡನೆ ಕೂಡಿ ಕಡಲು ಸೇರುವ ಅಳಿವೆಯ ದಡದಲ್ಲಿ ಮಂಗಳೂರಿನ ಬಂದರ್ ಪ್ರದೇಶವಿದೆ. 1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಉದ್ಘಾಟನೆಗೊಂಡ ಮೇಲೆ ದೊಡ್ಡ ಹಡಗುಗಳು ಅತ್ತ ಸರಿದವು. ಆದರೂ ಹಳೆಯ ಬಂದರು ಬರಿದಾಗಿಲ್ಲ. ಲಕ್ಷದ್ವೀಪಕ್ಕೆ ಸರಕು ಇಲ್ಲಿಂದಲೇ ಹೋಗುತ್ತದೆ. ದಕ್ಕೆಯಲ್ಲಿ ಮೀನಿನ ದೋಣಿಗಳು ಸಾಲುಗಟ್ಟಿ ನಿಲ್ಲುತ್ತವೆ. ಜನರು ದೋಣಿಯೇರಿ ಎದುರು ದಡದ ಬೆಂಗ್ರೆಗೆ ಹೋಗಿ ಬರುತ್ತಾರೆ. ಪುರಾತನವಾದ ಜೀನತ್ ಬಕ್ಷ್ ಮಸೀದಿಯೂ ಸಗಟು ವ್ಯಾಪಾರದ ಅಂಗಡಿಗಳೂ ಇರುವ ಇಲ್ಲಿನ ಇಕ್ಕಟ್ಟಾದ ರಸ್ತೆಗಳಲ್ಲಿ ನಾವು ನಡೆಯುತ್ತಿರುವಾಗ, ತುಳು, ಬ್ಯಾರಿ, ಕೊಂಕಣಿಗಳ ನಡುವೆ ನಮ್ಮ ಬಯಲುಸೀಮೆಯ ಕನ್ನಡವೂ ಕಿವಿಗೆ ಬಿದ್ದಿತು.

ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ದುಡಿಯಲು ಬಂದವರು ಮಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಊರಿನ ಸಾಲ, ಒಂಟಿತನ, ಕುಡಿತ, ಮನೆಯ ಜಗಳ ಇವುಗಳ ಭಾರ ಒಮ್ಮೊಮ್ಮೆ ಮಿತಿಮೀರುತ್ತದೆ. ಅಂಥ ಗಳಿಗೆಯಲ್ಲಿ ತನ್ನ ದೇಹಕ್ಕೆ ತಾನೇ ಹಾನಿ ಮಾಡಿಕೊಂಡವನ ಸುದ್ದಿಯನ್ನು ಮನೆಯವರು ಮುಚ್ಚಿಡುತ್ತಾರೆ. ಮಾನ ಹೋದೀತೆಂಬ ಭಯ ಒಂದು, ಪೊಲೀಸರ ಭಯ ಇನ್ನೊಂದು. ಈ ಎರಡು ಭಯಗಳಿಂದ ಚಿಕಿತ್ಸೆ ತಡವಾಗುತ್ತದೆ.

ಬಂದರಿನಿಂದ ಹಂಪನಕಟ್ಟೆಗೆ ಕಾಲ್ನಡಿಗೆಯಲ್ಲೇ ಹೋಗಬಹುದು. ಅಲ್ಲಿರುವುದು ಸರ್ಕಾರಿ ಜಿಲ್ಲಾ ಆಸ್ಪತ್ರೆಯಾದ ವೆನ್ಲಾಕ್. 1848ರಲ್ಲಿ ಸ್ಥಾಪನೆಯಾದ ಈ ಆಸ್ಪತ್ರೆಗೆ ಮದರಾಸಿನ ಗವರ್ನರರಾಗಿದ್ದ ಲಾರ್ಡ್ ವೆನ್ಲಾಕ್ ಅವರ ಹೆಸರು ಬಂದಿದೆ. ಜಿಲ್ಲೆಯ ಬಡವರಿಗೆ ಇದು ದೊಡ್ಡ ಆಸರೆ. ಹಾನಿ ಮಾಡಿಕೊಂಡವರನ್ನು ಮೊದಲು ಕರೆತರಬೇಕಾದದ್ದು ಇಂಥ ಸ್ಥಳಕ್ಕೆ. ರಕ್ತ ಸೋರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಒತ್ತಿ ಹಿಡಿದು ತರಬೇಕು. ಏನನ್ನಾದರೂ ಸೇವಿಸಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು; ಅದರ ಡಬ್ಬಿ ಅಥವಾ ಚೀಟಿಯನ್ನು ವೈದ್ಯರಿಗೆ ತೋರಿಸಬೇಕು.

ಪೊಲೀಸರ ಭಯಕ್ಕೆ ಹಿಂದೆ ಕಾರಣವಿತ್ತು. ಆತ್ಮಹತ್ಯೆಯ ಪ್ರಯತ್ನಕ್ಕೆ ಭಾರತೀಯ ದಂಡ ಸಂಹಿತೆಯ 309ನೆಯ ಕಲಮು ಒಂದು ವರ್ಷದವರೆಗೆ ಸೆರೆವಾಸ ವಿಧಿಸುತ್ತಿತ್ತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು, ಅಂಥವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ ಎಂದು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಆಸ್ಪತ್ರೆಯವರು ದಾಖಲೆ ಮಾಡಿಕೊಂಡರೂ ಅದಕ್ಕೆ ಹೆದರಿ ಜೀವವನ್ನು ಪಣಕ್ಕಿಡಬೇಕಾಗಿಲ್ಲ.

ಗಾಯ ಮಾಯುವುದರೊಂದಿಗೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದು ಅಪಾಯಕರ. ಮನೋವೈದ್ಯರು ರೋಗಿಯ ದುಃಖದ ಮೂಲವನ್ನು ಕೇಳಿ ತಿಳಿಯುತ್ತಾರೆ. ಖಿನ್ನತೆ, ಮದ್ಯಪಾನಗಳಿಗೆ ಔಷಧವನ್ನೂ ಸಮಾಲೋಚನೆಯನ್ನೂ ನೀಡುತ್ತಾರೆ. ಮನೆಗೆ ಮರಳಿದ ಮೊದಲ ವಾರಗಳಲ್ಲಿ ಹೆಚ್ಚು ಎಚ್ಚರ ಬೇಕು. ಚೆನ್ನೈ ಸೇರಿದಂತೆ ಐದು ದೇಶಗಳ ಐದು ಕಡೆಗಳಲ್ಲಿ 1867 ಮಂದಿಯ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲವರೊಡನೆ ಒಂದು ಗಂಟೆ ಮಾತನಾಡಿ, ಮುಂದೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ವಿಚಾರಿಸಲಾಯಿತು. ಹಾಗೆ ವಿಚಾರಿಸದವರಲ್ಲಿ ನೂರಕ್ಕೆ ಎರಡಕ್ಕಿಂತ ಹೆಚ್ಚು ಮಂದಿ ಆತ್ಮಹತ್ಯೆಯಿಂದ ಮೃತರಾದರೆ, ವಿಚಾರಿಸಲ್ಪಟ್ಟವರಲ್ಲಿ ಆ ಪ್ರಮಾಣ ಸಾವಿರಕ್ಕೆ ಎರಡರಷ್ಟು ಮಾತ್ರ. "ಹೇಗಿದ್ದೀಯಪ್ಪಾ?" ಎಂಬ ಮಾತಿಗೆ ಇಷ್ಟು ಶಕ್ತಿಯುಂಟು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದಿಲ್ಲ. ಅವರ ಎದೆಯ ಭಾರ ಇಳಿಯಲು ದಾರಿಯಾಗುತ್ತದೆ.

ಇಂಥ ಆರೈಕೆ ಹಳ್ಳಿಗೂ ದೂರವಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ತೋರಿಸಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ದುಡಿಯಲು ಹೊರಗೆ ಹೋದ ಮಗ, ಹೊಸದಾಗಿ ಬಂದ ಸೊಸೆ, ಪರೀಕ್ಷೆಗೆ ಅಂಜಿ ಕುಳಿತ ಮಗು, ಇವರ ಮೌನವನ್ನು ಗಮನಿಸುವುದು ಪ್ರತಿ ಮನೆಯ ಹಿರಿಯರ ಹೊಣೆ. ಕಾಲು ಮುರಿದವನನ್ನು ನಾವು ಬೈಯುವುದಿಲ್ಲ. ಎತ್ತಿಕೊಂಡು ಆಸ್ಪತ್ರೆಗೆ ಒಯ್ಯುತ್ತೇವೆ. ಮನಸ್ಸು ಮುರಿದವರಿಗೂ ಅಷ್ಟೇ ಕರುಣೆ, ಅಷ್ಟೇ ಅವಸರ ನಮ್ಮ ಮನೆಗಳಲ್ಲಿ ಇರಲಿ.